ಭೀಮಬಾಯಿಯ ಒಲೆ, ಸೀತಾಲಕ್ಷ್ಮಮ್ಮನ ಮರ

ಜೋಗುಪಾಳ್ಯದ ಆ ವಠಾರದಲ್ಲಿ ನಾಲ್ಕು ಕೋಣೆಗಳಿದ್ದವು. ನಾಲ್ಕಕ್ಕೂ ಸೇರಿ ಒಂದು ನಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲು, ಹದಿನೈದು ಹೆಜ್ಜೆ ಉದ್ದದ ಒಂದು ಅಂಗಳ. ಮೂರನೆಯ ಕೋಣೆಯಲ್ಲಿ ಭೀಮಬಾಯಿ ಮತ್ತು ಅವಳ ಗಂಡ ನಿಂಗಣ್ಣ ಇದ್ದರು. ಇಬ್ಬರೂ ಯಾದಗಿರಿ ಕಡೆಯವರು. ಇಂದಿರಾನಗರದಲ್ಲಿ ಹಳೆಯ ಮನೆಗಳನ್ನು ಕೆಡವಿ ಅಂತಸ್ತಿನ ಮೇಲೆ ಅಂತಸ್ತು ಏರಿಸುತ್ತಿದ್ದ ಕಾಲ ಅದು. ಗೌಂಡಿ ಕೆಲಸಕ್ಕೆ ಒಬ್ಬನೇ ಬಂದಿದ್ದ ನಿಂಗಣ್ಣ 1995ರಲ್ಲಿ ಹೆಂಡತಿಯನ್ನೂ ಕರೆತಂದ.

ನಾನು ಸೇಡಂನವನು. ಆಗ ಶಿವಾಜಿನಗರದ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದೆ. ಬೆಂಗಳೂರಿನ ಹೋಟೆಲ್ ಅನ್ನ ತಿಂದು ತಿಂದು ನಾಲಿಗೆ ಜಡ್ಡುಗಟ್ಟಿತ್ತು. ಒಂದು ಸಂಜೆ ಹಲಸೂರಿನಿಂದ ನಡೆದು ಬರುವಾಗ ಗಲ್ಲಿಯೊಳಗಿಂದ ಪಟಪಟ ಸದ್ದು ಕೇಳಿಸಿತು. ಜೋಳದ ರೊಟ್ಟಿ ಬಡಿಯುವ ಸದ್ದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸದ್ದಿನ ಬೆನ್ನು ಹಿಡಿದು ಹೋದೆ. ಹಸಿರು ಸೀರೆಯ ಹೆಂಗಸೊಬ್ಬಳು ಅಂಗಳದ ಗೋಡೆ ಬದಿಯಲ್ಲಿ ಕಟ್ಟಿಗೆಯ ಒಲೆ ಮುಂದೆ ಕೂತಿದ್ದಳು. ಎದುರಿಗೆ ಏಳೆಂಟು ಗಂಡಸರು ಸ್ಟೀಲಿನ ಡಬ್ಬಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದರು.

"ಯಾವೂರ್ರಿ?" ಎಂದಳು ಭೀಮಬಾಯಿ, ಕೈ ನಿಲ್ಲಿಸದೆ.

"ಸೇಡಂ."

"ಕೂಡ್ರಿ. ಕೈ ತೊಳ್ಕೊಂಡು ಕೂಡ್ರಿ."

ಅಂದಿನಿಂದ ನಾನೂ ಅವಳ ಗಿರಾಕಿಯಾದೆ. ಮೊದಲು ಅವಳು ಗಂಡನ ಜೊತೆ ಇಟ್ಟಿಗೆ ಹೊರಲು ಹೋಗುತ್ತಿದ್ದಳಂತೆ. ಗಂಡನ ಬುತ್ತಿಯಲ್ಲಿದ್ದ ರೊಟ್ಟಿ ನೋಡಿ ಜೊತೆಯವನೊಬ್ಬ ತನಗೂ ಎರಡು ಬಡಿದುಕೊಡು ಎಂದ. ಮರುದಿನ ಮತ್ತೊಬ್ಬ ಕೇಳಿದ. ವರ್ಷದೊಳಗೆ ಇಟ್ಟಿಗೆ ಬಿಟ್ಟು ರೊಟ್ಟಿಯೇ ಅವಳ ಕೆಲಸವಾಯಿತು. ಕೋಣೆಯೊಳಗೆ ಕಟ್ಟಿಗೆ ಉರಿಸಕೂಡದೆಂದು ಮನೆ ಮಾಲೀಕ ಹೇಳಿದ್ದರಿಂದ ನಿಂಗಣ್ಣ ಅಂಗಳದ ಮೂಲೆಯಲ್ಲಿ, ಪಕ್ಕದ ಮನೆಯ ಕಾಂಪೌಂಡ್ ಗೋಡೆಗೆ ಒತ್ತಿ, ಮಣ್ಣಿನ ಒಲೆ ಕಟ್ಟಿಕೊಟ್ಟಿದ್ದ. ಭೀಮಬಾಯಿಗೆ ಮಾತು ಕಡಿಮೆ. ಆದರೆ ಯಾರು ಮೆತ್ತಗಿನ ರೊಟ್ಟಿ ತಿನ್ನುತ್ತಾರೆ, ಯಾರಿಗೆ ಕಟಿಕಟಿ ಬೇಕು, ಯಾರ ಹೊಟ್ಟೆಗೆ ಖಾರ ಆಗದು ಎಂಬುದು ಕೇಳದೆಯೇ ಗೊತ್ತಿರುತ್ತಿತ್ತು. ಜ್ವರ ಬಂದವನಿಗೆ ಹೇಳದೆಯೇ ಜೋಳದ ನುಚ್ಚು ಕಾಯಿಸಿ ಇಡುತ್ತಿದ್ದಳು.

ಗೋಡೆಯಾಚೆ ಹಳೆಯ ಹೆಂಚಿನ ಮನೆ. ಅಲ್ಲಿದ್ದವರು ಸೀತಾಲಕ್ಷ್ಮಮ್ಮ, ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಎತ್ತರದ ದನಿ, ಚುರುಕು ನಡಿಗೆ. ಹಲಸೂರಿನ ತರಕಾರಿಯವರು ಅವರೊಂದಿಗೆ ಚೌಕಾಸಿಗೆ ಇಳಿಯುತ್ತಿರಲಿಲ್ಲ. ಅವರ ಹಿತ್ತಲಲ್ಲಿ ಒಂದು ದೊಡ್ಡ ಬೆಣ್ಣೆಹಣ್ಣಿನ ಮರ. ಯಾರು ನೆಟ್ಟದ್ದೋ ಅವರಿಗೂ ಗೊತ್ತಿರಲಿಲ್ಲ, ಮನೆ ಕೊಂಡಾಗಲೇ ಇತ್ತು. ಆ ಮರದ ಅರ್ಧ ನೆರಳು ಅವರದು, ಅರ್ಧ ವಠಾರದ್ದು. ದಪ್ಪನೆಯ ಒಂದು ಕೊಂಬೆ ಗೋಡೆ ದಾಟಿ ಬಂದು ಸರಿಯಾಗಿ ಭೀಮಬಾಯಿಯ ಒಲೆಯ ಮೇಲೆ ಚಾಚಿಕೊಂಡಿತ್ತು.

ಮೊದಲ ಮಳೆಗಾಲದಲ್ಲಿ ಕಾಯಿಗಳು ಬೀಳತೊಡಗಿದಾಗ ಭೀಮಬಾಯಿಗೆ ಅದೇನೆಂದೇ ತಿಳಿಯಲಿಲ್ಲ. ಹೀರೇಕಾಯಿಯ ಹಸಿರು, ಬದನೆಯ ಆಕಾರ, ಒಳಗೆ ಕೋಳಿಮೊಟ್ಟೆಯಷ್ಟು ಬೀಜ. ಒಂದನ್ನು ಹೆಚ್ಚಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿದಳು. ಬಾಯಲ್ಲಿ ಇಡಲಾಗದಷ್ಟು ಕಹಿ. "ಬೆಂಗಳೂರವರು ಇದ್ಯಾವ ಔಷಧದ ಕಾಯಿ ಬೆಳೀತಾರೋ" ಎಂದು ಚೆಲ್ಲಿದಳು. ಆಮೇಲೆ ಬಿದ್ದ ಪ್ರತಿ ಕಾಯಿಯನ್ನೂ ತೊಳೆದು ಗೋಡೆಯ ಮೇಲೆ ಸಾಲಾಗಿ ಇಡತೊಡಗಿದಳು. ಮಂದಿಯ ಮಾಲು, ನಾವು ಇಟ್ಟುಕೊಳ್ಳಬಾರದು ಎಂಬ ಲೆಕ್ಕ ಅವಳದು. ಅತ್ತ ಸೀತಾಲಕ್ಷ್ಮಮ್ಮ, ಬಿದ್ದದ್ದನ್ನೂ ವಾಪಸು ಇಡುವಷ್ಟು ಬಿಂಕವೇ ಈ ಜನಕ್ಕೆ ಎಂದುಕೊಂಡು ಒಳಗೊಯ್ಯುತ್ತಿದ್ದರು. ಎರಡು ವರ್ಷ ಹೀಗೆಯೇ ನಡೆಯಿತು. ಇಬ್ಬರೂ ಮಾತಾಡಿದ್ದೇ ಇಲ್ಲ.

1997ರ ಮಳೆಗಾಲದಲ್ಲಿ ಮರ ಎಂದೂ ಇಲ್ಲದಷ್ಟು ಕಾಯಿ ಹಿಡಿಯಿತು. ಗಾಳಿ ಬೀಸಿದರೆ ಸಾಕು, ದಬ್ ದಬ್. ಒಂದು ಕಾಯಿ ಹಿಟ್ಟಿನ ತಟ್ಟೆಯ ಮೇಲೆ ಬಿತ್ತು. ಇನ್ನೊಂದು ಬಡಿದಿಟ್ಟ ರೊಟ್ಟಿಗಳ ಮೇಲೆ ಬಿದ್ದು ಹನ್ನೆರಡು ರೊಟ್ಟಿ ಪುಡಿಯಾದವು. ಕೊನೆಗೆ ಭೀಮಬಾಯಿ ತಲೆ ಮೇಲೆ ಸೆರಗು ಹೊದ್ದು, ಗೋಡೆ ಬಳಿ ಕಲ್ಲು ಹತ್ತಿ ನಿಂತು ಕರೆದಳು.

"ಅಮ್ಮಾರೆ, ನಿಮ್ಮ ಗಿಡದ್ದು ಭಾಳ ತ್ರಾಸ ಆಗ್ಲಾಕತ್ತದ್ರಿ. ಸ್ವಲ್ಪ ತೆಗಸ್ರಿ."

ಸೀತಾಲಕ್ಷ್ಮಮ್ಮ ಗೋಡೆಯತ್ತ ನೋಡಿದರು. ಗೋಡೆಯ ಮೇಲೆ ಅವರ ಗುಲಾಬಿ ಕುಂಡಗಳು ಆರು ಇದ್ದವು. "ಗಿಡದಿಂದ ತೊಂದರೇನಾ? ಏನಮ್ಮಾ ತೊಂದರೆ?"

"ಮ್ಯಾಲಿಂದ ಬೀಳ್ತದ್ರಿ. ಯಾರದರ ತಲಿ ಒಡೀತದ."

"ಸರಿ, ಸರಿ. ತೆಗಿಸ್ತೀನಿ" ಎಂದರು.

ಮರುದಿನ ಬೆಳಿಗ್ಗೆ ನೋಡಿದರೆ ಗುಲಾಬಿ ಕುಂಡಗಳು ಗೋಡೆಯ ಮೇಲಿರಲಿಲ್ಲ. ಕೊಂಬೆ ಇದ್ದಲ್ಲೇ ಇತ್ತು. ಇದೇನು ಅಣಕವೇ ಎಂದು ಭೀಮಬಾಯಿಗೆ ಬೇಸರವಾಯಿತು. ಬಾಡಿಗೆಯವರ ಮಾತಿಗೆ ಇಷ್ಟೇ ಬೆಲೆ ಎಂದುಕೊಂಡಳು. ಇತ್ತ ಸೀತಾಲಕ್ಷ್ಮಮ್ಮನಿಗೂ ಬೇಸರ: ವರ್ಷಗಟ್ಟಲೆ ಅಲ್ಲಿದ್ದ ಗುಲಾಬಿಗಳು ಒಂದು ದಿನವಾದರೂ ಯಾರ ತಲೆ ಮೇಲೆ ಬಿದ್ದಿದ್ದವು?

ಎರಡು ವಾರ ಕಳೆಯಿತು. ಒಂದು ಶನಿವಾರ ನನಗೆ ಅರ್ಧ ದಿನದ ಕೆಲಸ, ನಾಲ್ಕೂವರೆಗೇ ಬಂದು ಕೂತಿದ್ದೆ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಭೀಮಬಾಯಿ ಹಿಟ್ಟಿನ ನಡುವೆ ಗುಳಿ ಮಾಡಿ, ಬಿಸಿನೀರು ತೆಗೆಯಲು ಪಾತ್ರೆಯತ್ತ ಬಲಗೈ ಚಾಚಿದಳು. ಆಗಲೇ ಮೇಲಿನಿಂದ ಕಾಯಿಯೊಂದು ನೇರ ಪಾತ್ರೆಯೊಳಗೆ ಬಿತ್ತು. ಕುದಿಯುವ ನೀರೆಲ್ಲ ಅವಳ ಅಂಗೈ, ಮುಂಗೈ, ಮಣಿಕಟ್ಟಿನ ಮೇಲೆ ಎರಚಿತು.

ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ವಠಾರದವನೊಬ್ಬ ಟೂತ್‌ಪೇಸ್ಟ್ ತರಲು ಓಡಿದ. ಇನ್ನೊಬ್ಬ ಇಂಕು ಇದೆಯೇ ಎಂದು ನನ್ನನ್ನು ಕೇಳಿದ. ಅಷ್ಟರಲ್ಲಿ ಗೇಟು ದಡಾರನೆ ತೆರೆದುಕೊಂಡಿತು. ಸೀತಾಲಕ್ಷ್ಮಮ್ಮ ಚಪ್ಪಲಿಯನ್ನೂ ಹಾಕದೆ ಓಡಿಬಂದಿದ್ದರು.

"ಪೇಸ್ಟು ಗೀಸ್ಟು ಏನೂ ಹಚ್ಚಬೇಡಿ! ಸರೀರಿ ಎಲ್ಲಾ! ನಲ್ಲಿ ಬಿಡಿ, ನಲ್ಲಿ!"

ಭೀಮಬಾಯಿಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಕೂತುಬಿಟ್ಟರು. ನೀರು ಸುರಿಯುತ್ತಲೇ ಇತ್ತು. ಕೈ ಊದುವ ಮೊದಲು ಬಳೆ ತೆಗೆಯಬೇಕಿತ್ತು. ಭೀಮಬಾಯಿ ಅಷ್ಟು ಉರಿಯಲ್ಲೂ ಬಳೆಯ ಮಾತಿಗೆ ಹೌಹಾರಿದಳು. "ಒಡೀಬ್ಯಾಡ್ರಿ ಅಮ್ಮಾರೆ, ಹಸರ ಬಳಿ, ಒಡೀಬ್ಯಾಡ್ರಿ."

"ಒಡೆಯಲ್ಲ ಕಣೆ. ನಾನಿದ್ದೀನಲ್ಲ, ಒಂದೂ ಒಡೆಯಲ್ಲ. ಕೈ ಸಡಿಲ ಬಿಡು."

ಹರಿಯುವ ನೀರಿನಲ್ಲೇ, ಹೆಬ್ಬೆರಳನ್ನು ಮೆಲ್ಲಗೆ ಒಳಮಡಚಿ, ಒಂದೊಂದೇ ಬಳೆಯನ್ನು ಜಾರಿಸಿದರು. ಒಂಬತ್ತು ಬಳೆ. ಒಂದೂ ಒಡೆಯಲಿಲ್ಲ. ತೆಗೆದವನ್ನೆಲ್ಲ ನನ್ನ ಕೈಗೆ ಕೊಟ್ಟು, ಒಗೆದ ಬಿಳಿ ಬಟ್ಟೆ ಸುತ್ತಿ, ಆಟೋ ತರಿಸಿ ಆಸ್ಪತ್ರೆಗೆ ಕರೆದೊಯ್ದರು. ನಿಂಗಣ್ಣ ಕೆಲಸದಿಂದ ಬರುವಷ್ಟರಲ್ಲಿ ಪಟ್ಟಿ ಕಟ್ಟಿಸಿಕೊಂಡು ವಾಪಸೂ ಬಂದಾಗಿತ್ತು. ಒಂದು ತಿಂಗಳು ಬೆಂಕಿಯ ಹತ್ತಿರ ಸುಳಿಯಕೂಡದು, ದಿನವೂ ಪಟ್ಟಿ ಬದಲಿಸಬೇಕು ಎಂದಿದ್ದರು ಡಾಕ್ಟರು. ಪಟ್ಟಿಗಾಗಿ ಎಲ್ಲಿಗೂ ಹೋಗಬೇಕಿಲ್ಲ, ನಾನೇ ಬರ್ತೀನಿ ಎಂದರು ಸೀತಾಲಕ್ಷ್ಮಮ್ಮ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಪಟ್ಟಿ ಕಟ್ಟುವಾಗ ನಾನೂ ಅಲ್ಲಿದ್ದೆ. ಭೀಮಬಾಯಿಗೆ ತಡೆಯಲಾಗಲಿಲ್ಲ.

"ಅಮ್ಮಾರೆ, ನಾ ಮೊದ್ಲೇ ಹೇಳಿದ್ನಲ್ರಿ. ಗಿಡ ತೆಗಸ್ರಿ ಅಂತ."

"ಅದಕ್ಕೇ ತೆಗೆಸಿದ್ನಲ್ಲಮ್ಮಾ! ಮಾರನೇ ದಿನಾನೇ ಆರೂ ಕುಂಡ ಇಳಿಸಿದೆ."

"ಕುಂಡ ಯಾಕ ಇಳಿಸಿದ್ರಿ? ಗಿಡ ಹಂಗೇ ಅದಲ್ರಿ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಥಟ್ಟನೆ ಹೊಳೆಯಿತು. ಪ್ರೂಫ್ ನೋಡುವವನ ಕಣ್ಣಿಗೆ ಇಂಥದ್ದು ಬೇಗ ಬೀಳುತ್ತದೆ. "ಅಮ್ಮಾ, ನಮ್ಮ ಕಡೆ ಮರಕ್ಕೇ ಗಿಡ ಅಂತೀವಿ. ಬೇವಿನ ಗಿಡ, ಹುಣಸಿ ಗಿಡ. ಅವಳು ಹೇಳಿದ್ದು ಆ ಬೆಣ್ಣೆಹಣ್ಣಿನ ಮರದ ಬಗ್ಗೆ."

ಸೀತಾಲಕ್ಷ್ಮಮ್ಮ ಪಟ್ಟಿಯ ಸುರುಳಿಯನ್ನು ಕೆಳಗಿಟ್ಟರು. "ಅಯ್ಯೋ ದೇವರೇ" ಎಂದರು. "ಇಬ್ಬರೂ ಕನ್ನಡದೋರೇ. ಕೈ ಸುಟ್ಟಮೇಲೆ ಅರ್ಥ ಆಯ್ತಲ್ಲೇ." ಅವರ ಕಣ್ಣು ತುಂಬಿತ್ತು. ಭೀಮಬಾಯಿ ಮಾತ್ರ ನಗತೊಡಗಿದಳು. ಗುಲಾಬಿ ಕುಂಡಗಳನ್ನು ನೆನೆನೆನೆದು ನಕ್ಕಳು. ಕೈ ಅಲುಗಿ ನೋವಾದರೂ ನಗು ನಿಲ್ಲಲಿಲ್ಲ. ಕೊನೆಗೆ ಸೀತಾಲಕ್ಷ್ಮಮ್ಮನೂ ಕಣ್ಣೊರೆಸಿಕೊಂಡು ನಕ್ಕರು.

ಈಗ ರೊಟ್ಟಿಯ ಪ್ರಶ್ನೆ. ಮೊದಲ ಎರಡು ದಿನ ಎಲ್ಲರೂ ಹೋಟೆಲಿಗೆ ಹೋದೆವು. ಮೂರನೆಯ ದಿನ ನಿಂಗಣ್ಣ ಕೆಲಸದಿಂದ ಬಂದವನೇ ಕೈಕಾಲು ತೊಳೆದು ಹಿಟ್ಟಿನ ಮುಂದೆ ಕೂತ. ಹುಟ್ಟಿದಾಗಿನಿಂದ ಒಂದು ರೊಟ್ಟಿ ಬಡಿದವನಲ್ಲ. ಗೋಡೆ ಕಟ್ಟುವ ಕೈ, ಗಾರೆಯಂತೆ ಹಿಟ್ಟು ಕಲಸಿತು. ಭೀಮಬಾಯಿ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು, "ನೀರು ಕಮ್ಮಿ ಹಾಕ್ರಿ... ಬಡೀರಿ ಅಂದ್ರ ಸೇಡು ತೀರಿಸ್ಕೊಂಡಂಗ ಬಡೀಬ್ಯಾಡ್ರಿ... ತಿರುಗಿಸ್ರಿ, ತಿರುಗಿಸ್ರಿ." ಮೊದಲ ರೊಟ್ಟಿ ಮೂರು ಮೂಲೆಯಾಯಿತು. ಎರಡನೆಯದು ಹಂಚಿಗೆ ಏರುವ ಮೊದಲೇ ಹರಿಯಿತು. ಅವನು ಬೆವರು ಒರೆಸಿಕೊಂಡು ಮೂರನೆಯ ಉಂಡೆ ತೆಗೆದುಕೊಂಡ.

ನೋಡುತ್ತ ಕೂತಿದ್ದ ಭಗವಂತರಾಯ ಎದ್ದ. ಜೀವನ್ ಬಿಮಾ ನಗರದ ಒಂದು ಕಟ್ಟಡದಲ್ಲಿ ವಾಚ್‌ಮನ್ ಆಗಿದ್ದ ಅವನು ಐವತ್ತು ದಾಟಿದವನು, ಗಿರಿಜಾ ಮೀಸೆ, ಯಾರೊಂದಿಗೂ ಹೆಚ್ಚು ಬೆರೆಯದವನು. ಅಂಗಿಯ ತೋಳು ಮಡಚಿ, "ಸರಿ ಅತ್ಲಾಗ" ಎಂದು ನಿಂಗಣ್ಣನನ್ನು ಎಬ್ಬಿಸಿ ಕೂತ. ಅವನ ಕೈಯಲ್ಲಿ ರೊಟ್ಟಿ ಚಂದ್ರನಂತೆ ಅರಳಿತು. ನಾವೆಲ್ಲ ಬಾಯಿ ತೆರೆದು ನೋಡಿದೆವು. ಚಿಕ್ಕಂದಿನಲ್ಲಿ ಮಠದ ದಾಸೋಹದ ಅಡುಗೆಮನೆಯಲ್ಲಿ ಆರು ವರ್ಷ ಇದ್ದನಂತೆ.

"ಇಷ್ಟು ದಿನ ಯಾಕ ಹೇಳ್ಲಿಲ್ಲಪಾ?" ಎಂದಳು ಭೀಮಬಾಯಿ.

"ಹೇಳಿದ್ರ ನೀ ಬಡಸ್ತಿದ್ದಿ" ಎಂದ.

ಆ ತಿಂಗಳು ಪೂರ್ತಿ ಹೀಗೆಯೇ. ಪಾಳಿಯ ಮೇಲೆ ಬಡಿದೆವು. ನನ್ನ ರೊಟ್ಟಿಗಳು ಕೊನೆಯವರೆಗೂ ದುಂಡಾಗಲಿಲ್ಲ. ಅವನ್ನು ನಾನೇ ತಿನ್ನಬೇಕೆಂದು ತೀರ್ಮಾನವಾಗಿತ್ತು. ಯಾರೋ ಕಟ್ಟಿಗೆ ತಂದರು, ಯಾರೋ ಊರಿಂದ ಬರುವಾಗ ಜೋಳದ ಚೀಲ ಹೊತ್ತು ತಂದರು. ದಿನವೂ ಸೀತಾಲಕ್ಷ್ಮಮ್ಮ ಪಟ್ಟಿ ಕಟ್ಟಲು ಬಂದು, ಗಂಡಸರೆಲ್ಲ ಹಿಟ್ಟು ಮೆತ್ತಿಕೊಂಡು ಕೂತಿರುವುದನ್ನು ನೋಡಿ ನಗುತ್ತಿದ್ದರು. ಒಂದು ಸಂಜೆ ಎಲ್ಲರ ಊಟ ಮುಗಿದ ಮೇಲೆ ಭೀಮಬಾಯಿ ನನಗೆ ಹೇಳಿದಳು, "ನೋಡ್ರಿ ಲಕ್ಷ್ಮಿಕಾಂತ, ಎರಡು ವರ್ಷ ಆತು, ಈ ಊರಾಗ ನಮ್ಮವರು ಯಾರೂ ಇಲ್ಲ ಅಂತಿದ್ದೆ. ಕೈ ಸುಟ್ಕೊಂಡ ಮ್ಯಾಲ ನೋಡಿದ್ರ ಮನಿ ತುಂಬ ಮಂದಿ ಅದ. ನನಗ ಉಣಿಸೋರೇ ಹತ್ತು ಮಂದಿ."

ತಿಂಗಳ ಕೊನೆಯ ಭಾನುವಾರ ಸೀತಾಲಕ್ಷ್ಮಮ್ಮ ಮರ ಕಡಿಯುವ ಶೌಕತ್‌ನನ್ನು ಶಿವಾಜಿನಗರದಿಂದ ಕರೆಸಿದರು. ಹಗ್ಗ, ಗರಗಸ, ಮಚ್ಚು ಹೊತ್ತು ಅವನು ಬಂದ. ಸೀತಾಲಕ್ಷ್ಮಮ್ಮ ಒಂದೇ ಮಾತಿನಲ್ಲಿ ಹೇಳಿದರು: "ಬುಡಸಮೇತ ತೆಗೆದುಬಿಡಪ್ಪ. ಇನ್ನು ನನಗೆ ಈ ಮರ ಬೇಡ."

ಶೌಕತ್ ಮರದ ಬೊಡ್ಡೆ ಸವರಿ ನೋಡಿದ. "ಅಮ್ಮಾ, ಬುಡ ತೆಗೀಬೇಕು ಅಂದ್ರೆ ಪರ್ಮಿಷನ್ ಮಾಡಿಸ್ಬೇಕು. ಅದೂ ಅಲ್ಲದೆ ಝಾಡ್ ಎಷ್ಟು ಚೆನ್ನಾಗಿದೆ ನೋಡಿ. ಇಂಥಾದ್ದನ್ನ ಕಡಿಯೋಕೆ ಕೈ ಬರಲ್ಲ ನನಗೆ."

ಗೋಡೆಯಾಚೆಯಿಂದ ಕೇಳಿಸಿಕೊಂಡ ಭೀಮಬಾಯಿ, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಬಂದಳು. "ಯಾಕ್ರಿ ಅಮ್ಮಾರೆ, ಪೂರಾ ಗಿಡ ಯಾಕ ತೆಗಸ್ತೀರಿ? ಮರ, ಮರ. ಮರ ಯಾಕ ತೆಗಸ್ತೀರಿ?"

"ನಿನ್ನ ಕೈ ಸುಟ್ಟಿದ್ದು ಇದರಿಂದ್ಲೇ ಅಲ್ವೇನೆ?"

"ನನ್ನ ಕೈ ವಾಸಿ ಮಾಡಿದವರೂ ನೀವೇ ಅಲ್ರೀ. ಏಪ್ರಿಲ್ ಬಿಸಿಲಾಗ ಒಲಿ ಮುಂದ ಕೂತು ನೋಡ್ರಿ, ಆ ನೆರಳ ಇಲ್ದಿದ್ರ ನಾ ಎಂದೋ ಊರಿಗೆ ಓಡಿ ಹೋಗ್ತಿದ್ದೆ. ಒಲಿ ಮ್ಯಾಲಿಂದು ಒಂದು ಕೊಂಬಿ ತೆಗಸ್ರಿ, ಸಾಕು."

ಕೊನೆಗೆ ಅದೇ ನಿರ್ಧಾರವಾಯಿತು. ಶೌಕತ್ ಮರ ಹತ್ತಿ ಕೊಂಬೆಗೆ ಹಗ್ಗ ಬಿಗಿದ. ಕೆಳಗೆ ನಿಂಗಣ್ಣ, ಭಗವಂತರಾಯ ಹಗ್ಗದ ತುದಿ ಹಿಡಿದು ನಿಂತರು. ಸೀತಾಲಕ್ಷ್ಮಮ್ಮ ಭೀಮಬಾಯಿಯನ್ನು ಕಾಫಿಗೆ ಒಳಗೆ ಕರೆದರು. ಎರಡು ವರ್ಷ ಒಂದೇ ಗೋಡೆ ಹಂಚಿಕೊಂಡಿದ್ದರೂ ಆ ಮನೆಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

ಅಡುಗೆಮನೆಯಲ್ಲಿ ಹಗಲಲ್ಲೇ ದೀಪ ಉರಿಯುತ್ತಿತ್ತು. ಯಾಕೆಂದು ನೋಡಿದರೆ, ವಠಾರದ ಕಡೆಗಿದ್ದ ಒಂದೇ ಒಂದು ಕಿಟಕಿಯನ್ನು ಮುಚ್ಚಿ, ಸಂದಿಗಳಿಗೆಲ್ಲ ಹಳೆಯ ಪೇಪರು, ಚಿಂದಿ ಬಟ್ಟೆ ತುರುಕಲಾಗಿತ್ತು. ಕಿಟಕಿಯ ಮೇಲಿನ ಗೋಡೆ ಮಸಿ ಹಿಡಿದು ಕಪ್ಪಾಗಿತ್ತು. ಕಪಾಟಿನ ಮೇಲೆ ಕೆಮ್ಮಿನ ಔಷಧದ ಮೂರು ಬಾಟಲಿ. ಭೀಮಬಾಯಿ ಕಿಟಕಿಯನ್ನೇ ನೋಡುತ್ತ ನಿಂತಳು. ಅದರಾಚೆಗೆ, ಮೂರು ಮೊಳ ದೂರದಲ್ಲಿ, ಅವಳ ಒಲೆಯಿತ್ತು.

"ಇದು ನನ್ನ ಹೊಗೀನ್ರಿ?"

"ಅಯ್ಯೋ ಬಿಡಮ್ಮ. ನಿನಗೆ ಹೊಟ್ಟೆಪಾಡು. ನನಗೆ ಒಂದ್ಸ್ವಲ್ಪ ಕೆಮ್ಮು, ಅಷ್ಟೇ."

"ಎರಡು ವರ್ಷದಿಂದನಾ? ಒಂದು ದಿನಾನೂ ಅಂದಿಲ್ಲಲ್ರಿ!"

"ಏನಂತ ಅನ್ಲಿ? ಬಿದ್ದ ಹಣ್ಣನ್ನೂ ವಾಪಸ್ ಇಡೋಳು, ಮಾತಾಡಿದ್ರೆ ಜಗಳಕ್ಕೇ ಬರ್ತಾಳೆ ಅಂದ್ಕೊಂಡಿದ್ದೆ."

ಭೀಮಬಾಯಿ ಕಾಫಿ ಲೋಟವನ್ನು ಹಾಗೇ ಇಟ್ಟು ಹೊರಗೆ ಬಂದಳು. ಕೊಂಬೆ ಅಷ್ಟರಲ್ಲಿ ಕಡಿದಾಗಿತ್ತು. ಹಗ್ಗದಲ್ಲಿ ತೂಗುತ್ತ ಮೆಲ್ಲಗೆ ಇಳಿಯುತ್ತಿತ್ತು. ಅದು ನೆಲ ಮುಟ್ಟಿದೊಡನೆ ಗಂಡನನ್ನು ಕರೆದು, "ಒಲಿ ಕಿತ್ತು ರಸ್ತಿ ಕಡಿ ಮೂಲ್ಯಾಗ ಕಟ್ರಿ. ಹೊಗಿ ಮ್ಯಾಲ ಹೋಗೋ ಹಂಗ ಪೈಪ್ ಇಡ್ರಿ. ಈಗೇ" ಎಂದಳು. ನಿಂಗಣ್ಣ ಕಾರಣ ಕೇಳುವಷ್ಟರಲ್ಲಿ ಎಡಗೈಯಿಂದ ತಾನೇ ಒಲೆಯ ಬೂದಿ ಬಳಿಯತೊಡಗಿದಳು.

ಮರದಿಂದ ಇಳಿದ ಶೌಕತ್ ಸೊಂಟದ ಮೇಲೆ ಕೈಯಿಟ್ಟು ನಿಂತ. "ಅರೇ, ಒಲೇನೇ ಎತ್ತೋದಿದ್ರೆ ಕೊಂಬೆ ಯಾಕೆ ಕಡಿಸಿದ್ರಿ?"

ಮೊದಲು ನಕ್ಕವಳು ಭೀಮಬಾಯಿಯೇ. ಆಮೇಲೆ ಅಂಗಳವೆಲ್ಲ ನಕ್ಕಿತು. ಕೊಂಬೆ ಹೋದ ಜಾಗದಲ್ಲಿ ಚೌಕಾಕಾರದ ಬಿಸಿಲು ಬಿದ್ದಿತ್ತು. ಅದು ವ್ಯರ್ಥವಾಗಲಿಲ್ಲ. ಕೈ ವಾಸಿಯಾದ ಮೇಲೆ ಅವಳು ಆ ಬಿಸಿಲಿಗೆ ಬಿಳಿ ಪಂಚೆ ಹಾಸಿ ಕಟಿ ರೊಟ್ಟಿ ಒಣಗಿಸತೊಡಗಿದಳು. ತಿಂಗಳಾದರೂ ಕೆಡದ ಆ ರೊಟ್ಟಿಗೆ ಇಂದಿರಾನಗರದ ಮನೆಗಳಿಂದಲೂ ಗಿರಾಕಿಗಳು ಬಂದರು. ಸೀತಾಲಕ್ಷ್ಮಮ್ಮನ ಅಡುಗೆಮನೆಯ ಕಿಟಕಿ ತೆರೆಯಿತು. ಮಸಿ ಹಿಡಿದ ಗೋಡೆಗೆ ನಿಂಗಣ್ಣ ಸುಣ್ಣ ಹೊಡೆದುಕೊಟ್ಟ.

ಬೆಣ್ಣೆಹಣ್ಣನ್ನು ತಿನ್ನುವುದು ಹೇಗೆಂದು ಸೀತಾಲಕ್ಷ್ಮಮ್ಮ ತೋರಿಸಿಕೊಟ್ಟದ್ದೂ ಆಗಲೇ. ಕಾಯಿಯನ್ನು ಬೇಯಿಸಬಾರದು, ಅಕ್ಕಿ ಡಬ್ಬಿಯಲ್ಲಿ ನಾಲ್ಕು ದಿನ ಹುದುಗಿಸಿ ಮೆತ್ತಗಾಗಿಸಬೇಕು. ಅವರು ಸಕ್ಕರೆ ಹಾಲು ಬೆರೆಸಿ ಕೊಟ್ಟರು, ಭೀಮಬಾಯಿಗೆ ಸೇರಲಿಲ್ಲ. ಅವಳು ಅದನ್ನು ಕಿವುಚಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಉಪ್ಪು, ನಿಂಬೆರಸ ಹಾಕಿ ರೊಟ್ಟಿಗೆ ಹಚ್ಚಿಕೊಟ್ಟಳು. ಮಳೆಗಾಲ ಬಂದರೆ ನಾವೆಲ್ಲ ಅದಕ್ಕೇ ಕಾಯುವಂತಾಯಿತು.

ಭೀಮಬಾಯಿಯ ಕೈ ಪೂರ್ತಿ ವಾಸಿಯಾಯಿತು, ಮಣಿಕಟ್ಟಿನ ಹತ್ತಿರ ಚರ್ಮ ಮಾತ್ರ ಬೇರೆ ಬಣ್ಣಕ್ಕೆ ತಿರುಗಿತು. 2004ರಲ್ಲಿ ಹಲಸೂರಿನ ಹತ್ತಿರ ಒಂದು ಸಣ್ಣ ಅಂಗಡಿ ಹಿಡಿದು ಖಾನಾವಳಿ ತೆರೆದಳು. ತೆರೆದ ದಿನ ಮುಂಜಾನೆಯ ಪೂಜೆಗೆ ನಾವು ಹಳೆಯ ಗಿರಾಕಿಗಳೆಲ್ಲ ಹೋದೆವು. ನಾನು ಆಗಲೇ ಕೆ.ಆರ್. ಪುರಂಗೆ ಮನೆ ಬದಲಿಸಿದ್ದೆ, ಎರಡು ಬಸ್ಸು ಹತ್ತಿ ಬಂದೆ. ಭಗವಂತರಾಯ ವಾಚ್‌ಮನ್ ಕೆಲಸ ಬಿಟ್ಟು ಅವಳ ಅಡುಗೆಮನೆ ಸೇರಿದ್ದ. ಮೊದಲ ಊಟದ ತಟ್ಟೆಯನ್ನು ಯಾರ ಮುಂದೆ ಇಡಬೇಕೆಂದು ಯಾರೂ ಕೇಳಲಿಲ್ಲ. ಸೀತಾಲಕ್ಷ್ಮಮ್ಮನನ್ನು ನಡುವಿನ ಮೇಜಿಗೆ ಕೂರಿಸಿ, ಕಟಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಎಲ್ಲ ಬಡಿಸಿದಳು ಭೀಮಬಾಯಿ. ಬಡಿಸಿ, ಅವರ ಕಾಲು ಮುಟ್ಟಿದಳು.

ಅವರು ಅವಳ ತಲೆ ಮೇಲೆ ಕೈಯಿಟ್ಟು, ರೊಟ್ಟಿ ಮುರಿದು ಬಾಯಿಗಿಟ್ಟರು. ಸ್ವಲ್ಪ ಹೊತ್ತು ಅಗಿದರು. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು, "ಭೀಮಾ, ನನ್ನ ಹಲ್ಲು ಮೊದಲಿನ ಹಾಗಿಲ್ಲ ಕಣೆ. ಒಂದಿಷ್ಟು ಅನ್ನ ಇಲ್ವಾ?"

ರೊಟ್ಟಿಯ ಖಾನಾವಳಿಯಲ್ಲಿ ಅಂದು ಅನ್ನಕ್ಕೆ ಎಸರಿಟ್ಟಿರಲಿಲ್ಲ. ಭೀಮಬಾಯಿ ಸೆರಗು ಸಿಕ್ಕಿಸಿಕೊಂಡು ಪಕ್ಕದ ದಿನಸಿ ಅಂಗಡಿಯಿಂದ ಅಕ್ಕಿ ತರಲು ತಾನೇ ಓಡಿದಳು.